ಕೆಲಸವಿಲ್ಲದ ಸವಾರಿ

ದಾರಿಯಲ್ಲಿ ಎದುರಾದ ಪರಿಚಿತರನ್ನು “ಎಲ್ಲಿಗೆ ಹೊರಟಿರಿ?” ಎಂದು ಕೇಳುವುದು ನಮ್ಮ ಕಡೆಯ ಸೌಜನ್ಯ. ಕೇಳಿದವರಿಗೆ ಉತ್ತರದಿಂದ ಆಗಬೇಕಾದುದೇನೂ ಇರುವುದಿಲ್ಲ. “ಹೀಗೇ, ಪೇಟೆಯ ಕಡೆಗೆ” ಎಂದರೆ ಅವರಿಗೂ ತೃಪ್ತಿ, ನಮಗೂ ಬಿಡುಗಡೆ. ಆದರೆ “ಎಲ್ಲಿಗೂ ಇಲ್ಲ” ಎಂದು ಒಮ್ಮೆ ಉತ್ತರ ಕೊಟ್ಟು ನೋಡಿ. ಕೇಳಿದವರ ಮುಖದಲ್ಲಿ ಸಣ್ಣದೊಂದು ಕಳವಳ ಮೂಡುತ್ತದೆ. ನಡೆದು ಹೋಗುವವನಾದರೆ ಗಾಳಿಸೇವನೆಗೆ ಹೊರಟಿದ್ದಾನೆಂದು ಸಮಾಧಾನ ತಂದುಕೊಂಡಾರು. ನಲವತ್ತು ದಾಟಿದ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ, ಮನೆಯಲ್ಲಿ ಕಾರು ಇಟ್ಟುಕೊಂಡಿರುವ ಗೃಹಸ್ಥನೊಬ್ಬ ಬೈಸಿಕಲ್ಲಿನ ಮೇಲೆ ಕುಳಿತು “ಎಲ್ಲಿಗೂ ಇಲ್ಲ” ಎಂದರೆ, ಆತನ ಮನೆಯಲ್ಲಿ ಏನೋ ನಡೆದಿರಬೇಕೆಂದೇ ಅವರ ನಿಶ್ಚಯ.

ಈ ಕಳವಳವನ್ನು ನಾನು ಈಚೆಗೆ ಹಲವರಲ್ಲಿ ಹುಟ್ಟಿಸಿದ್ದೇನೆ. ಅಧ್ಯಾಪಕರ ಕೊಠಡಿಯಲ್ಲಿ ನನ್ನ ಬೈಸಿಕಲ್ಲಿನ ವಿಚಾರ ಮೊದಲ ಸಲ ಚರ್ಚೆಗೆ ಬಂದಾಗ ಮಿತ್ರರು ಮೂರು ಪಕ್ಷಗಳಾಗಿ ಒಡೆದರು. ಅರ್ಥಶಾಸ್ತ್ರದವರು ಪೆಟ್ರೋಲಿನ ಬೆಲೆಯೇ ಕಾರಣವೆಂದರು. ಪ್ರಾಣಿಶಾಸ್ತ್ರದವರು ಸಕ್ಕರೆ ಕಾಯಿಲೆಯೆಂದು ನಿರ್ಣಯಿಸಿ ನನ್ನ ಕಾಫಿಯ ಲೋಟವನ್ನು ಕರುಣೆಯಿಂದ ನೋಡಿದರು. ಮೂರನೆಯ ಪಕ್ಷದವರು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಕಾರಿನ ಸಾಲದ ಕಂತು ನಿಂತಿರಬಹುದೆಂಬ ಅನುಮಾನ ಮಾತ್ರ ಅವರ ಕಣ್ಣಿನಲ್ಲಿ ಸ್ಪಷ್ಟವಾಗಿತ್ತು. ಮಿತವ್ಯಯ, ರೋಗ, ಬಡತನ — ಬೈಸಿಕಲ್ ತುಳಿಯುವುದಕ್ಕೆ ನಮ್ಮ ಸಮಾಜ ಒಪ್ಪಿರುವ ಕಾರಣಗಳು ಇವು ಮೂರೇ. ಸಂತೋಷವೆಂಬ ನಾಲ್ಕನೆಯ ಕಾರಣವೊಂದಿದೆ ಎಂದರೆ ನಂಬುವವರು ಕಡಮೆ. ಆ ನಾಲ್ಕನೆಯದರ ಪರವಾಗಿ ನಾಲ್ಕು ಮಾತು ಆಡಬೇಕೆಂಬುದೇ ನನ್ನ ಇಂದಿನ ಉದ್ದೇಶ.

ಪ್ರಯೋಜನವೇನೆಂಬ ಪ್ರಶ್ನೆ ಕಾವ್ಯವನ್ನೂ ಬಿಟ್ಟಿಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ ತನ್ನ ‘ಕಾವ್ಯಪ್ರಕಾಶ’ದ ಮೊದಲಿಗೇ ಕಾವ್ಯದಿಂದಾಗುವ ಲಾಭಗಳನ್ನು ಎಣಿಸುತ್ತಾನೆ. ಹೆಸರು ಬರುತ್ತದೆ, ಹಣ ಬರುತ್ತದೆ, ಲೋಕದ ನಡವಳಿಕೆ ತಿಳಿಯುತ್ತದೆ, ಕೇಡು ಕಳೆಯುತ್ತದೆ, ಒಲಿದವಳ ಮಾತಿನಂತೆ ಉಪದೇಶವೂ ಹಿತವಾಗಿ ಒಳಗಿಳಿಯುತ್ತದೆ. ಇಷ್ಟನ್ನು ಹೇಳಿದರೂ, ಓದಿದ ಕ್ಷಣದಲ್ಲಿಯೇ ಒದಗುವ ಆನಂದವೊಂದಿದೆಯಲ್ಲ, ಎಲ್ಲಕ್ಕೂ ಅದೇ ಮುಕುಟವೆನ್ನುವುದನ್ನು ಆತ ಮರೆಯುವುದಿಲ್ಲ. ವರ್ಷವರ್ಷವೂ ಇದನ್ನು ಪಾಠ ಹೇಳುತ್ತ ಬಂದ ನಾನು, ನನ್ನ ಮನೆಯ ಹಿತ್ತಲಲ್ಲಿ ನಿಂತಿದ್ದ ಬೈಸಿಕಲ್ಲಿಗೆ ಅದನ್ನು ಅನ್ವಯಿಸಿ ನೋಡಲು ಇಪ್ಪತ್ತು ವರ್ಷ ತೆಗೆದುಕೊಂಡೆ.

ಅದಕ್ಕೆ ನಿಮಿತ್ತವಾದದ್ದು 2022ರ ಆಯುಧಪೂಜೆ. ಮೈಸೂರಿನ ಸರಸ್ವತೀಪುರದ ನಮ್ಮ ಮನೆಯ ಮುಂದೆ ಕಾರನ್ನೂ ಸ್ಕೂಟರನ್ನೂ ತೊಳೆದು ನಿಲ್ಲಿಸಿ, ಗಂಧ ಕುಂಕುಮ ಹಚ್ಚಿ, ಸೇವಂತಿಗೆಯ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುವ ಸಂಭ್ರಮದಲ್ಲಿದ್ದೆವು. ಆಗ ನನ್ನ ಮಗಳು, “ಅಪ್ಪ, ತಾತನ ಸೈಕಲ್ಲಿಗೆ ಯಾಕೆ ಪೂಜೆ ಇಲ್ಲ?” ಎಂದಳು. ಅದು ನಮ್ಮ ತಂದೆಯವರು 1974ರಲ್ಲಿ ಕೊಂಡ ಗಾಡಿ. ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದ ಅವರು ನಿವೃತ್ತರಾಗುವವರೆಗೂ ಅದರ ಮೇಲೆಯೇ ಶಾಲೆಗೆ ಹೋಗಿಬಂದವರು. ಅವರು ತೀರಿಕೊಂಡ ಮೇಲೆ ಅದನ್ನು ಮಾರಲು ಮನಸ್ಸಾಗದೆ, ಬಳಸಲು ನಾಚಿಕೆಯಾಗಿ, ಹಿತ್ತಲಿನ ಗೋಡೆಗೆ ಒರಗಿಸಿದ್ದೆ. ನಮ್ಮ ವಂಶಕ್ಕೆ ಅನ್ನ ತಂದ ವಾಹನ ಅಲ್ಲಿ ಧೂಳು ಹಿಡಿದು ನಿಂತಿರಲು, ಬ್ಯಾಂಕಿನ ಸಾಲದಿಂದ ಬಂದ ವಾಹನಕ್ಕೆ ನಾನು ಮಂಗಳಾರತಿ ಎತ್ತುತ್ತಿದ್ದೆ!

ಮರುದಿನವಲ್ಲದಿದ್ದರೂ ಆ ವಾರವೇ ಅದನ್ನು ತಳ್ಳಿಕೊಂಡು ಬಡಾವಣೆಯ ಮೂಲೆಯ ಸೈಕಲ್ ಶಾಪಿಗೆ ಹೋದೆ. ಅಲ್ಲಿಯ ಸಾಹೇಬರು ರಿಮ್ಮಿನ ಬೆಂಡು ತೆಗೆದರು. ಟೈರು, ಟ್ಯೂಬು, ಚೈನು, ಬ್ರೇಕಿನ ಕಟ್ಟೆ ಎಲ್ಲವನ್ನೂ ಹೊಸದಾಗಿ ಹಾಕಿದರು. ಡೈನಮೋವನ್ನು ಮಾತ್ರ ಬದಲಾಯಿಸಲಿಲ್ಲ, ಒರಸಿ ಎಣ್ಣೆ ಬಿಟ್ಟರು. “ಈ ಗಾಡಿಗೆ ಇನ್ನೂ ಐವತ್ತು ವರ್ಷ ಇದೆ ಸಾರ್, ನಿಮ್ಮ ಮೊಣಕಾಲಿನದು ನಾನು ಹೇಳಲಾರೆ” ಎಂದರು.

ನಂಜನಗೂಡಿನ ಕಡೆಯ ನಮ್ಮ ಹಳ್ಳಿಯಲ್ಲಿ ಬೈಸಿಕಲ್ಲೆಂದರೆ ಕೆಲಸ. ರಾಗಿಯ ಮೂಟೆ ಮಿಲ್ಲಿಗೆ ಹೋಗುತ್ತಿದ್ದದ್ದು ಅದರ ಮೇಲೆ. ಹಾಲಿನ ಕ್ಯಾನು ಡೈರಿಗೆ, ಕಾಯಿಲೆಯ ಮುದುಕರು ಆಸ್ಪತ್ರೆಗೆ ಹೋಗುತ್ತಿದ್ದದ್ದೂ ಅದರ ಮೇಲೆಯೇ. ನಾನು ಕಲಿತದ್ದು 1990ರ ಬೇಸಗೆಯಲ್ಲಿ, ಹತ್ತನೆಯ ವಯಸ್ಸಿನಲ್ಲಿ. ಸೀಟಿನ ಮೇಲೆ ಕುಳಿತರೆ ಕಾಲು ಎಟಕದು. ಬಾರಿನ ಕೆಳಗಣ ತ್ರಿಕೋನದಲ್ಲಿ ಬಲಗಾಲು ತೂರಿಸಿ, ಮೈಯನ್ನು ಬಿಲ್ಲಿನಂತೆ ಬಗ್ಗಿಸಿ ಒಳಪೆಡಲ್ ಹೊಡೆಯುವುದೇ ನಮ್ಮ ವಿದ್ಯಾಭ್ಯಾಸದ ಮೊದಲ ಪಾಠ. ಕಲಿತ ಮೇಲೆ ಮನೆಯವರು ಅಂಗಡಿಗೆ ಕಳಿಸುವುದನ್ನೇ ಕಾಯುತ್ತಿದ್ದೆ. ಕಾಲು ಕಿಲೋ ಸಕ್ಕರೆ ತರಲು ಹೋದವನು ನೇರ ದಾರಿಯಲ್ಲಿ ಹಿಂತಿರುಗುತ್ತಿರಲಿಲ್ಲ. ನಾಲೆಯ ಏರಿಯನ್ನು ಬಳಸಿ, ಮಾವಿನ ತೋಪಿನ ನೆರಳಿನಲ್ಲಿ ಹಾದು ಬರುತ್ತಿದ್ದೆ. ಆ ಸುತ್ತುದಾರಿಯ ಕಾಲು ಗಂಟೆ ಮಾತ್ರ ನನ್ನ ಸವಾರಿ, ಉಳಿದದ್ದು ಮನೆಗೆಲಸ. ಸವಾರಿಯ ಸುಖವೆಂದರೇನೆಂದು ಈಗ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಕಾಲು ಗಂಟೆಯೇ.

ನಾನು ಕಲಿಯುವಾಗ ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಂಡು ಓಡುತ್ತಿದ್ದವಳು ನನ್ನ ತಂಗಿ. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. “ನಾಳೆ ನನಗೆ, ಅಣ್ಣಯ್ಯ” ಎನ್ನುತ್ತಿದ್ದಳು. ನಾನು “ಹೂಂ” ಎನ್ನುತ್ತಿದ್ದೆ. ನನಗೆ ಕೈ ಕುದುರಿದ ಮೇಲೆ ಹಿಂದೆ ಓಡುವವರು ಬೇಕಾಗಲಿಲ್ಲ. ಅವಳ ನಾಳೆ ಬರಲೇ ಇಲ್ಲ. ಯಾರೂ ಬೇಡವೆನ್ನಲಿಲ್ಲ, ಗದರಿಸಲಿಲ್ಲ. ಯಾರಿಗೂ ಅದು ತೋಚಲಿಲ್ಲ, ಅಷ್ಟೆ. ಕೆಲವು ಅನ್ಯಾಯಗಳು ಹೀಗೆ ಯಾರ ಕೆಟ್ಟತನವೂ ಇಲ್ಲದೆ ನಡೆದುಹೋಗುತ್ತವೆ.

ಬೈಸಿಕಲ್ಲಿನ ಜಾತಕವನ್ನು ತೆರೆದು ನೋಡಿದರೆ ಅದು ಹುಟ್ಟು ಕೆಲಸಗಾರನೇನೂ ಅಲ್ಲ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮ್ಯಾನ್‌ಹೈಮ್ ನಗರದಲ್ಲಿ ಓಡಿಸಿದ ಎರಡು ಚಕ್ರದ ಗಾಡಿಗೆ ಪೆಡಲೇ ಇರಲಿಲ್ಲ. ನೆಲವನ್ನು ಕಾಲಿನಿಂದ ಒದೆಯುತ್ತ ಸಾಗಬೇಕಿತ್ತು. ಕೆಲವೇ ದಿನಗಳಲ್ಲಿ ಅದು ಸಿರಿವಂತ ತರುಣರ ಶೋಕಿಯಾಯಿತು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರಗಳನ್ನು ಹೆಚ್ಚುಕಡಮೆ ಸಮ ಮಾಡಿ, ಹಿಂದಿನ ಚಕ್ರಕ್ಕೆ ಚೈನು ಜೋಡಿಸಿ, ಇಂದಿಗೂ ನಾವು ಕಾಣುವ ರೂಪವನ್ನು ಕೊಟ್ಟ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟೈರಿನ ಹಕ್ಕುಪತ್ರ ಪಡೆದ. ಅದನ್ನು ಆತ ಮೊದಲು ಮಾಡಿದ್ದು ತನ್ನ ಮಗನ ಮೂರು ಚಕ್ರದ ಗಾಡಿ ಕುಲುಕದಿರಲಿ ಎಂದು. ಮಗುವಿನ ಆಟಕ್ಕಾಗಿ ಮಾಡಿದ ಏರ್ಪಾಡು ಲೋಕದ ರಸ್ತೆಗಳನ್ನೆಲ್ಲ ಮೆತ್ತಗೆ ಮಾಡಿತು! ಆಟದಿಂದ ಹುಟ್ಟಿದ ಈ ಯಂತ್ರ ಆಮೇಲೆ ಗುಮಾಸ್ತನ, ಅಂಚೆಯವನ, ಹಾಲಿನವನ ಹೆಗಲಿಗೆ ಹೆಗಲು ಕೊಟ್ಟಿತು. ಅದರ ಸೇವೆಯನ್ನು ನಾವು ನೆನಪಿಟ್ಟುಕೊಂಡೆವು, ಆಟವನ್ನು ಮರೆತೆವು.

ಹೆಂಗಸರ ವಿಷಯದಲ್ಲಿ ಅದು ಮಾಡಿದ ಉಪಕಾರ ಇನ್ನೂ ದೊಡ್ಡದು. ಅಮೆರಿಕದಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಆಂಟನಿ, ಸ್ತ್ರೀಯರ ಬಿಡುಗಡೆಗೆ ಬೈಸಿಕಲ್ಲಿನಷ್ಟು ನೆರವಾದದ್ದು ಇನ್ನೊಂದಿಲ್ಲವೆಂಬ ಅಭಿಪ್ರಾಯವನ್ನು 1896ರಲ್ಲಿಯೇ ಹೇಳಿದ್ದಳು. ನಮಗೆ ಸಮೀಪದ ಉದಾಹರಣೆ ಬೇಕಾದರೆ ತಮಿಳುನಾಡಿನ ಪುದುಕ್ಕೋಟ್ಟೈ ಇದೆ. 1990ರ ದಶಕದ ಆರಂಭದಲ್ಲಿ ಅಲ್ಲಿಯ ಸಾಕ್ಷರತಾ ಆಂದೋಲನದ ಅಂಗವಾಗಿ ಹಳ್ಳಿಯ ಹೆಂಗಸರಿಗೆ ಸೈಕಲ್ ಕಲಿಸಿದರು. ಒಂದು ಲಕ್ಷಕ್ಕೂ ಮಿಕ್ಕ ಹೆಂಗಸರು ಕಲಿತರು. ಪಿ. ಸಾಯಿನಾಥರು 1996ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ನಮ್ಮ ರಾಜ್ಯದಲ್ಲಿಯೂ 2006-07ರಿಂದ ಹಲವು ವರ್ಷಗಳ ಕಾಲ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಿತು. ಹಳ್ಳಿಯ ರಸ್ತೆಗಳಲ್ಲಿ ಜಡೆ ಹೆಣೆದ ಹುಡುಗಿಯರು ಸಾಲಾಗಿ ಸೈಕಲ್ ತುಳಿದು ಬರುವುದನ್ನು ಕಂಡವರಿಗೆ ಒಂದು ಸಂಗತಿ ಹೊಳೆದಿರಬೇಕು. ಅವರು ಶಾಲೆಗೆ ಹೋಗುತ್ತಿದ್ದರು, ನಿಜ. ಆದರೆ ಅವರ ನಗು ಶಾಲೆಯದಾಗಿರಲಿಲ್ಲ.

ಇರಲಿ, ನನ್ನ ಮಾತಿಗೆ ಬರುತ್ತೇನೆ. ದುರಸ್ತಿಯಾದ ಗಾಡಿಯ ಮೇಲೆ ಸಂಜೆಯ ಹೊತ್ತು ಕುಕ್ಕರಹಳ್ಳಿ ಕೆರೆಯ ಕಡೆಯ ಬೀದಿಗಳಲ್ಲಿಯೂ ಮಾನಸಗಂಗೋತ್ರಿಯ ಮರಗಳ ನಡುವೆಯೂ ಅಲೆಯತೊಡಗಿದೆ. ಇಪ್ಪತ್ತು ವರ್ಷ ಕಾರಿನಲ್ಲಿಯೋ ಸ್ಕೂಟರಿನಲ್ಲಿಯೋ ತಿರುಗಿದ ಈ ಊರು ಸಮತಟ್ಟೆಂದು ನಾನು ನಂಬಿದ್ದೆ. ಅದು ಏರು, ಇದು ಇಳಿಜಾರು ಎಂದು ಮೊಣಕಾಲು ಮೊದಲ ದಿನವೇ ಪಾಠ ಹೇಳಿತು. ಯಾವ ಮನೆಯ ಕಾಂಪೌಂಡಿನಲ್ಲಿ ಪಾರಿಜಾತವಿದೆ, ಯಾವ ಬೀದಿಯಲ್ಲಿ ಸಂಜೆ ಆರಕ್ಕೆ ಒಗ್ಗರಣೆಯ ವಾಸನೆ ಬರುತ್ತದೆ, ಯಾವ ಕಿಟಕಿಯೊಳಗೆ ಮಗುವೊಂದು ವೀಣೆಯ ಸರಳೆವರಸೆಯಲ್ಲಿ ಒಂದೇ ಜಾಗದಲ್ಲಿ ದಿನವೂ ತಪ್ಪುತ್ತದೆ, ಎಲ್ಲವೂ ತಿಳಿಯಿತು. ನಡೆಯುವವನಿಗೆ ಬೇಕಾಗುವಷ್ಟೇ ಶ್ರಮದಲ್ಲಿ ಸೈಕಲ್ ಸವಾರ ಮೂರು ಪಟ್ಟು ವೇಗವಾಗಿ ಹೋಗಬಲ್ಲ. ಆದರೂ ಆ ವೇಗ ಕಣ್ಣು ಕಿವಿ ಮೂಗುಗಳನ್ನು ಹಿಂದೆ ಬಿಟ್ಟು ಓಡುವಷ್ಟಲ್ಲ. ಊರು ಕೈಗೆ ಸಿಕ್ಕುವುದೂ ಮೈಗೆ ತಾಕುವುದೂ ಒಟ್ಟಿಗೇ ಆಗುವುದು ಈ ವೇಗದಲ್ಲಿ.

ಒಬ್ಬನೇ ತಿರುಗಿದ ಸುಖ ಇದು. ಹಲವರು ಕೂಡಿ, ಅದರಲ್ಲಿಯೂ ರಾತ್ರಿಯ ಹೊತ್ತು ಹೊರಟರೆ ಅದು ಹಬ್ಬವೇ ಆಗುತ್ತದೆಂಬುದನ್ನು ಕಲಿಸಿದ್ದು 2023ರ ದಸರಾ. ನಮ್ಮ ಬಡಾವಣೆಯ ಕೆಲವರು ಆಯುಧಪೂಜೆಯ ರಾತ್ರಿ ಸೈಕಲ್ಲುಗಳ ಮೇಲೆ ದೀಪಾಲಂಕಾರ ನೋಡುತ್ತ ಲಲಿತಮಹಲಿನವರೆಗೆ ಹೋಗಿಬರುವುದೆಂದು ಗೊತ್ತುಮಾಡಿದರು. ಹೇಗೂ ಸೈಕಲ್ಲುಗಳಿಗೆ ಅಂದು ಹೂವಿನ ಅಲಂಕಾರ ಆಗಿರುತ್ತದೆ. ಮೊದಲ ವರ್ಷದ ಪಿಯುಸಿ ಓದುತ್ತಿದ್ದ ಮಗಳು ತಾನೂ ಹೋಗುವುದಾಗಿ ಹೇಳಿದಳು. ನಾನು ಬೇಡವೆಂದೆ. “ಯಾಕೆ?” ಎಂದಳು. “ರಾತ್ರಿ” ಎಂದೆ. “ರಾತ್ರಿ ದೀಪ ನೋಡದೆ ಹಗಲು ನೋಡುವುದೇ ಅಪ್ಪ? ನಾನು ಹುಡುಗನಾಗಿದ್ದರೆ ಬೇಡ ಅನ್ನುತ್ತಿದ್ದಿರಾ?” ಎಂದಳು. ದಸರೆಗೆಂದು ಹಾಸನದಿಂದ ಬಂದಿದ್ದ ನನ್ನ ತಂಗಿ ಅಲ್ಲಿಯೇ ಕುಳಿತು ಹೂ ಕಟ್ಟುತ್ತಿದ್ದಳು. ತಲೆಯೆತ್ತದೆ, “ಅವಳನ್ನು ಕರೆದುಕೊಂಡು ಹೋಗು ಅಣ್ಣಯ್ಯ, ನಾಳೆ ಅಂತ ಹೇಳಬೇಡ” ಎಂದಳು. ಮೂವತ್ತಮೂರು ವರ್ಷದ ಹಿಂದಿನ ಮಾತು ಅವಳಿಗೆ ನೆನಪಿದೆಯೆಂದು ನನಗೆ ಆಗ ತಿಳಿಯಿತು. ನಾನು ಮರುಮಾತಾಡಲಿಲ್ಲ. “ನೀನೂ ಬಾ” ಎಂದೆ. “ನನಗೆ ಬರುವುದಿಲ್ಲವಲ್ಲ” ಎಂದಳು. “ಕ್ಯಾರಿಯರ್ ಇದೆ” ಎಂದೆ.

ನಮ್ಮ ತಂದೆಯವರ ಕಾಲದಲ್ಲಾಗಿದ್ದರೆ ಇದು ಅಪರಾಧ. ರಾತ್ರಿ ದೀಪವಿಲ್ಲದೆ ಸೈಕಲ್ ತುಳಿಯುವುದೂ ಒಂದರ ಮೇಲೆ ಇಬ್ಬರು ಕೂರುವುದೂ ಪೊಲೀಸಿನವರ ಕೈಗೆ ಸಿಕ್ಕಿಬೀಳುವ ತಪ್ಪುಗಳಾಗಿದ್ದವು. ಸೀಮೆಎಣ್ಣೆಯ ದೀಪ ಗಾಳಿಗೆ ಆರಿದರೆ ತಟ್ಟನೆ ಇಳಿದು, ಗಾಡಿಯನ್ನು ತಳ್ಳಿಕೊಂಡು ಸಾಧುವಿನಂತೆ ನಡೆಯುತ್ತಿದ್ದೆವೆಂದು ಅವರು ನಗುತ್ತ ಹೇಳುತ್ತಿದ್ದರು. ಆಮೇಲೆ ಡೈನಮೋ ಬಂತು. ಟೈರಿಗೆ ಒರಗಿ ಗುಂಯ್‌ಗುಟ್ಟುತ್ತ ತಿರುಗುವ ಆ ಪುಟ್ಟ ಬುರುಡೆಗೆ ಒಂದು ನ್ಯಾಯವಿದೆ: ತುಳಿದಷ್ಟು ಬೆಳಕು. 1902ರಿಂದ ಶಿವನಸಮುದ್ರದಲ್ಲಿ ಕಾವೇರಿ ಮಾಡುತ್ತ ಬಂದಿರುವುದು ಇದೇ ಕೆಲಸ; ಆ ವಿದ್ಯುತ್ತು ಮೈಸೂರಿನ ಬೀದಿಗಳನ್ನು ಬೆಳಗಿದ್ದು 1908ರಲ್ಲಿ. ನದಿಯ ಕೆಲಸವನ್ನು ನನ್ನ ಮೊಣಕಾಲು ಆ ರಾತ್ರಿ ಅಲ್ಪಪ್ರಮಾಣದಲ್ಲಿ ವಹಿಸಿಕೊಂಡಿತು.

ಸುಮಾರು ಇಪ್ಪತ್ತೈದು ಜನ ಸೇರಿದೆವು. ಹನ್ನೆರಡು ವರ್ಷದ ಹುಡುಗನಿಂದ ಹಿಡಿದು ನಿವೃತ್ತ ಎಂಜಿನಿಯರವರೆಗೆ ಎಲ್ಲ ವಯಸ್ಸಿನವರೂ ಇದ್ದರು. ಹ್ಯಾಂಡಲಿಗೆ ಸೇವಂತಿಗೆ, ಅಕ್ಕಪಕ್ಕದಲ್ಲಿ ಎಳೆಯ ಬಾಳೆಕಂದು, ಮಡ್‌ಗಾರ್ಡಿಗೆ ಗಂಧದ ಮೂರು ಬೆರಳು. ಹಿಂದೆ ಮಿಣಮಿಣ ಮಿನುಗುವ ಕೆಂಪು ದೀಪ. ಜನಸಂದಣಿಯ ಸಯ್ಯಾಜಿರಾವ್ ರಸ್ತೆಯನ್ನು ದೂರವಿಟ್ಟು ಅಗಲವಾದ ರಸ್ತೆಗಳಲ್ಲಿ ಹೊರಟೆವು. ದಸರೆಯಲ್ಲಿ ಈ ಊರಿನ 100 ಕಿಲೋಮೀಟರಿಗೂ ಹೆಚ್ಚಿನ ರಸ್ತೆಗಳಿಗೆ ದೀಪಾಲಂಕಾರವಾಗುತ್ತದೆ. ಕಾರಿನಲ್ಲಿ ಹೋಗುವವರು ಅದನ್ನು ಮುಂದಿನ ಕಾರಿನ ಹಿಂಭಾಗದೊಡನೆ ಸೇರಿಸಿ ನೋಡುತ್ತಾರೆ. ನಮಗೆ ಆ ಬೆಳಕು ನೆತ್ತಿಯ ಮೇಲೆಯೇ ಹರಿಯುತ್ತಿತ್ತು. ಒಂದು ಬಣ್ಣದಿಂದ ಇನ್ನೊಂದು ಬಣ್ಣಕ್ಕೆ ಈಜಿದಂತೆ ಭಾಸವಾಯಿತು. ಏರು ಬಂದಲ್ಲೆಲ್ಲ ತಂಗಿ ಇಳಿದು ಪಕ್ಕದಲ್ಲಿ ನಡೆದಳು. ಇಳಿಜಾರಿನಲ್ಲಿ ಹತ್ತಿ ಕುಳಿತು ರಾಣಿಯಂತೆ ಊರನ್ನು ನೋಡಿದಳು. ಪಕ್ಕದಲ್ಲಿ ನಡೆಯುತ್ತಲೇ ಆಕೆ ನನ್ನ ಏದುಸಿರನ್ನು ಎಣಿಸುತ್ತಿದ್ದಳೆಂದು ಆಮೇಲೆ ಮಗಳು ಹೇಳಿದಳು.

ಗುಂಪಿನ ಸವಾರಿಗೆ ಒಂದು ವಿಶೇಷ ಗುಣವಿದೆ. ಅಲ್ಲಿ ಮಾತು ಹಾಡಿನ ಹಾಗೆ ತುಂಡುತುಂಡಾಗಿ ಮುಂದಿನಿಂದ ಹಿಂದಕ್ಕೆ ಬರುತ್ತದೆ. ಮುಂದಿನವರು “ಗುಂಡಿ!” ಎಂದರೆ ಆ ಪದ ಬಾಯಿಂದ ಬಾಯಿಗೆ ದಾಟಿ ಕೊನೆಯವರನ್ನು ಮುಟ್ಟುತ್ತದೆ. ಯಾರದೋ ಚೈನು ಕಳಚಿದರೆ ಎಲ್ಲರೂ ನಿಲ್ಲುತ್ತಾರೆ. ನಿಧಾನವಾಗಿ ತುಳಿಯುವವರೇ ಎಲ್ಲರ ವೇಗವನ್ನು ಗೊತ್ತುಮಾಡುತ್ತಾರೆ. ನಮ್ಮ ಸಭೆ ಸಮಾರಂಭಗಳಲ್ಲಿ, ನಮ್ಮ ಕಾಲೇಜುಗಳಲ್ಲಿ, ಇಂಥ ನಿಯಮವನ್ನು ನಾನು ಕಂಡಿಲ್ಲ.

ಲಲಿತಮಹಲ್ ರಸ್ತೆಗೆ ಬರುವ ಹೊತ್ತಿಗೆ ರಾತ್ರಿ ಬೆಳೆದಿತ್ತು. ಹಠಾತ್ತಾಗಿ ಅಲಂಕಾರದ ದೀಪಗಳು ಆರಿದವು. ಒಂದು ಗಳಿಗೆ ಎಲ್ಲರೂ “ಅಯ್ಯೋ” ಎಂದೆವು. ಆಮೇಲೆ ತಿಳಿಯಿತು, ಬೆನ್ನ ಹಿಂದೆ ಪಡುವಣದಲ್ಲಿ ನವಮಿಯ ಚಂದ್ರನಿದ್ದಾನೆಂದು. ಅಷ್ಟು ಹೊತ್ತೂ ಇದ್ದವನೇ, ನಮಗೆ ಬಿಡುವಿರಲಿಲ್ಲ. ನಮ್ಮ ನೆರಳುಗಳು ನಮಗಿಂತ ಮುಂದೆ ರಸ್ತೆಯ ಮೇಲೆ ಉದ್ದವಾಗಿ ಚಾಚಿ, ಚಕ್ರದ ಕಡ್ಡಿಗಳ ಸಮೇತ ತಿರುಗುತ್ತಿದ್ದವು. ಬಲಗಡೆ ಚಾಮುಂಡಿ ಬೆಟ್ಟ ಕಪ್ಪಗೆ ಕುಳಿತಿತ್ತು. ಯಾರೂ ಮಾತಾಡಲಿಲ್ಲ. ಇಪ್ಪತ್ತೈದು ಚೈನುಗಳ ಸಣ್ಣ ಸದ್ದು, ನನ್ನ ಡೈನಮೋದ ಗುಂಯ್‌ಕಾರ.

ಆಗಲೇ ಆತ ಸಿಕ್ಕಿದ. ದೀಪವಿಲ್ಲದ ಹಳೆಯ ಸೈಕಲ್ಲು. ಕ್ಯಾರಿಯರಿಗೆ ಬಿಗಿದು ಕಟ್ಟಿದ ಚೀಲದಲ್ಲಿ ಮಾರಾಟವಾಗದೆ ಉಳಿದ ಎರಡು ಬೂದುಗುಂಬಳ. ಬೆಳಗಿನಿಂದ ಪೇಟೆಯಲ್ಲಿ ಕುಂಬಳಕಾಯಿ, ಬಾಳೆಕಂದು ಮಾರಿ ತಿರುಮಕೂಡಲು ನರಸೀಪುರದ ರಸ್ತೆಯ ತನ್ನ ಹಳ್ಳಿಗೆ ಹಿಂತಿರುಗುತ್ತಿದ್ದ. ನನ್ನ ಸರಿಸಮಕ್ಕೆ ಬಂದು, “ಎಲ್ಲಿಗೆ ಸ್ವಾಮಿ, ಇಷ್ಟೊಂದು ಜನ?” ಎಂದ. ನಾನು ಅಭ್ಯಾಸಬಲದಿಂದ “ಎಲ್ಲಿಗೂ ಇಲ್ಲ” ಎಂದೆ. ಆತ ಸ್ವಲ್ಪ ದೂರ ಸುಮ್ಮನೆ ತುಳಿದು, “ಮೂವತ್ತು ವರ್ಸದಿಂದ ತುಳೀತಾ ಇವ್ನಿ ಸ್ವಾಮಿ. ಒಂದು ದಿನಾನೂ ಎಲ್ಲಿಗೂ ಇಲ್ದೆ ತುಳಿದೋನಲ್ಲ” ಎಂದು ನಕ್ಕ. ನಗುವಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಉತ್ತರ ಕೊಡಬಹುದಾಗಿತ್ತು.

ಮಗಳು ತನ್ನ ಸೈಕಲ್ಲಿನ ಹಿಂದಿನ ಕೆಂಪು ದೀಪವನ್ನು ಬಿಚ್ಚಿ ಆತನ ಕ್ಯಾರಿಯರಿಗೆ ಕಟ್ಟಹೋದಳು. ಆತ ಒಪ್ಪಲಿಲ್ಲ. “ಬೇಡ ಕಣವ್ವ, ನಂಗೆ ದಾರಿ ಗೊತ್ತು” ಎಂದ. “ದಾರಿ ನಿಮಗೆ ಗೊತ್ತು, ಹಿಂದಿನಿಂದ ಬರುವ ಲಾರಿಗೆ ನೀವು ಗೊತ್ತಾಗಬೇಡವೆ?” ಎಂದಳು ಇವಳು. ಆತ ದೀಪವನ್ನು ತೆಗೆದುಕೊಂಡ. ಬದಲಿಗೆ ಒಂದು ಕುಂಬಳಕಾಯಿಯನ್ನು ಬಲವಂತದಿಂದ ನಮ್ಮ ಕೈಗೆ ಹಾಕಿಯೇ ಹೋದ. ಅದನ್ನು ತೊಡೆಯ ಮೇಲಿಟ್ಟುಕೊಂಡು ತಂಗಿ ಮನೆಯವರೆಗೂ ಬಂದಳು. ಆತನ ಕೆಂಪು ದೀಪ ಮಾತ್ರ ಬಹು ದೂರದವರೆಗೆ ಕತ್ತಲೆಯಲ್ಲಿ ಕಾಣುತ್ತಿತ್ತು.

ಆ ಮಾತನ್ನು ನಾನು ಇಂದಿಗೂ ಯೋಚಿಸುತ್ತೇನೆ. ಇಂಥ ಸವಾರಿಗಳ ಮೇಲೆ ಹೊರಿಸುವ ಆಕ್ಷೇಪಗಳಲ್ಲಿ ಮುಖ್ಯವಾದದ್ದು ಇದೇ: ಹೊಟ್ಟೆಪಾಡಿಗೆ ತುಳಿಯುವವರ ನಡುವೆ ಹೊಟ್ಟೆ ಕರಗಿಸಲು ತುಳಿಯುವವರದು ಸೊಕ್ಕಿನ ವಿನೋದವಲ್ಲವೆ? ನನಗೆ ಹಾಗೆ ತೋರುವುದಿಲ್ಲ. ಆತನ ಮಾತಿನಲ್ಲಿದ್ದದ್ದು ನಮ್ಮ ಸಂತೋಷದ ನಿಂದೆಯಲ್ಲ, ತನಗೂ ಅದು ದೊರೆತಿಲ್ಲವೆಂಬ ವಿಷಾದ. ದುಡಿಯುವವನಿಗೆ ದೊರೆಯದ ಸುಖವನ್ನು ಎಲ್ಲರೂ ಬಿಟ್ಟುಬಿಡುವುದು ನ್ಯಾಯವಲ್ಲ. ಅದು ಅವನಿಗೂ ಸಿಕ್ಕುವಂತೆ ಮಾಡುವುದು ನ್ಯಾಯ. ಆತನಿಗೆ ಬೇಕಾದದ್ದು ಸುರಕ್ಷಿತವಾದ ರಸ್ತೆಯಂಚು, ಬೆಳಕು, ಒಂದಿಷ್ಟು ಬಿಡುವು. ವಿನೋದಕ್ಕೆ ತುಳಿಯುವವರು ನೂರು ಜನ ಸೇರಿ ಅಂಥ ರಸ್ತೆಯನ್ನು ಕೇಳಿದರೆ ಪುರಸಭೆಗೆ ಕೇಳಿಸುತ್ತದೆ. ಹೊಟ್ಟೆಪಾಡಿಗೆ ಒಬ್ಬೊಬ್ಬನೇ ತುಳಿಯುವವನ ದನಿ ಯಾರಿಗೂ ಕೇಳಿಸದು. ಹಾಗೆ ಕೇಳದೆ, ಬೆಲೆಬಾಳುವ ಸೈಕಲ್ಲುಗಳನ್ನೂ ಅದಕ್ಕೊಪ್ಪುವ ಉಡುಪುಗಳನ್ನೂ ಮೆರೆಸಿ ಮನೆಗೆ ಹೋಗುವುದಾದರೆ ಮಾತ್ರ ಆಕ್ಷೇಪ ನಿಲ್ಲುತ್ತದೆ.

ಇದು ಆಗದ ಮಾತೇನಲ್ಲ. ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ ರಾಜಧಾನಿ ಬೊಗೊಟಾದಲ್ಲಿ 1974ರಲ್ಲಿ ಆರಂಭವಾದ ಪದ್ಧತಿಯೊಂದಿದೆ. ಭಾನುವಾರ ಮತ್ತು ಹಬ್ಬದ ದಿನಗಳಂದು ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ಸುಮಾರು 120 ಕಿಲೋಮೀಟರ್ ರಸ್ತೆಗಳನ್ನು ಮೋಟಾರು ವಾಹನಗಳಿಗೆ ಮುಚ್ಚಿ, ಸೈಕಲ್ಲಿನವರಿಗೂ ನಡೆಯುವವರಿಗೂ ಬಿಡುತ್ತಾರೆ. ಕ್ರಿಸ್‌ಮಸ್ ದೀಪಾಲಂಕಾರವಾಗುವ ಡಿಸೆಂಬರಿನಲ್ಲಿ ರಾತ್ರಿಯೂ ಹೀಗೆ ಬಿಡುವುದುಂಟು. ಇಂಗ್ಲೆಂಡಿನಲ್ಲಿ 1993ರಿಂದ ನಡೆದುಬಂದ ಇನ್ನೊಂದು ರೂಢಿ: ಜುಲೈ ತಿಂಗಳ ಹುಣ್ಣಿಮೆಗೆ ಸಮೀಪದ ಶನಿವಾರ ಸಂಜೆ ಲಂಡನ್ನಿನಿಂದ ಹೊರಟು, ರಾತ್ರಿಯೆಲ್ಲ ತುಳಿದು, ಸುಮಾರು 180 ಕಿಲೋಮೀಟರ್ ದೂರದ ಡನ್‌ವಿಚ್ ಎಂಬ ಕಡಲತೀರದ ಹಳ್ಳಿಯನ್ನು ಬೆಳಗಾಗುವಾಗ ಸೇರುವುದು. ಅಲ್ಲಿ ಅವರಿಗೆ ಏನು ಕೆಲಸ? ಸೂರ್ಯೋದಯ ನೋಡುವುದು, ಅಷ್ಟೆ.

ನಮ್ಮ ಮೈಸೂರಿಗೂ ಇದು ಪರಕೀಯವಲ್ಲ. 2017ರಲ್ಲಿ ಇಲ್ಲಿ ಸಾರ್ವಜನಿಕ ಬೈಸಿಕಲ್ ಯೋಜನೆಯೊಂದು ಆರಂಭವಾಯಿತು. ಅದಕ್ಕೆ ಇಟ್ಟ ಹೆಸರು ‘ಟ್ರಿಣ್ ಟ್ರಿಣ್’. ಅನುಕರಣಾವ್ಯಯವೊಂದು ಸರ್ಕಾರಿ ಕಡತವನ್ನು ಸೇರಿದ್ದು ವ್ಯಾಕರಣ ಹೇಳುವವನಾದ ನನಗೆ ಬಹಳ ಹಿತವಾಯಿತು. ಇನ್ನು ರಸ್ತೆ ಮುಚ್ಚುವ ವಿಚಾರ. ವಿಜಯದಶಮಿಯಂದು ಆನೆ ಅಂಬಾರಿ ಹೊತ್ತು ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಯುವಾಗ ನಾವು ಸುಮಾರು 5 ಕಿಲೋಮೀಟರ್ ರಾಜಬೀದಿಯನ್ನು ತೆರವು ಮಾಡಿಕೊಡುತ್ತೇವೆ. ಯಾರಿಗೂ ತೊಂದರೆಯೆನಿಸುವುದಿಲ್ಲ, ಹಬ್ಬವೆನಿಸುತ್ತದೆ. ಜಂಬೂಸವಾರಿಗೆ ಒಂದು ಹಗಲನ್ನು ಕೊಡುವ ಊರು ಜನರ ಸವಾರಿಗೆ ನವರಾತ್ರಿಯ ಒಂದು ರಾತ್ರಿಯಲ್ಲಿ ಮೂರು ಗಂಟೆಯನ್ನು ಕೊಡಲಾರದೆ? ಹೆಣ್ಣುಮಕ್ಕಳು ಯಾರ ಅಪ್ಪಣೆಯನ್ನೂ ಕೇಳದೆ ಬರಲಿ, ಕುಂಬಳಕಾಯಿಯವನು ಅಂಗಡಿಯನ್ನು ಬೇಗನೆ ಮುಚ್ಚಿ ಹೆಂಡತಿಯನ್ನೂ ಮಕ್ಕಳನ್ನೂ ಕೂರಿಸಿಕೊಂಡು ಬರಲಿ. ರಾತ್ರಿ ಅಪಾಯವೆನ್ನುತ್ತಾರೆ. ಜನರಿಲ್ಲದ ರಸ್ತೆ ಅಪಾಯ. ಜನರಿದ್ದರೆ ಅದು ಬೀದಿ. ನಮ್ಮ ಕಡೆಯಿಂದಲೂ ಒಂದಿಷ್ಟು ಶಿಸ್ತು ಬೇಕು: ಸಿಗ್ನಲ್ಲಿನಲ್ಲಿ ನಿಲ್ಲಬೇಕು, ಆಸ್ಪತ್ರೆಯ ಮುಂದೆ ಬೆಲ್ಲು ಬಾರಿಸಬಾರದು, ಮಲಗಿದ ಬೀದಿಯಲ್ಲಿ ಕೂಗಾಡಬಾರದು, ದೀಪವಿಲ್ಲದೆ ಯಾರೂ ಹೊರಡಬಾರದು.

ಆ ರಾತ್ರಿ ಮನೆಗೆ ಬಂದಾಗ ಹನ್ನೆರಡು ದಾಟಿತ್ತು. ಕುಂಬಳಕಾಯಿಯನ್ನು ಜಗಲಿಯ ಮೇಲಿಟ್ಟು ತಂಗಿ, “ಅಣ್ಣಯ್ಯ, ಈಗ ಹಿಡಿದುಕೊಳ್ಳುತ್ತೀಯಾ?” ಎಂದಳು. ಬೀದಿ ಖಾಲಿಯಾಗಿತ್ತು. ಆಕೆಗೆ ಮಗಳ ಸೈಕಲ್ಲನ್ನು ಕೊಟ್ಟು ನಾನು ಹಿಂದಿನಿಂದ ಹಿಡಿದು ಓಡಿದೆ. ಆ ದಿನ ಹತ್ತು ಮಾರಿಗೆ ನಾನೇ ಸೋತೆ. ಆಕೆ ಊರಿಗೆ ಹೊರಡುವುದನ್ನು ಮುಂದಕ್ಕೆ ಹಾಕಿ ದಿನವೂ ರಾತ್ರಿ ಕಲಿತಳು. ಶೀಗಿ ಹುಣ್ಣಿಮೆಯ ರಾತ್ರಿ ನಾನು ಕೈ ಬಿಟ್ಟದ್ದು ಆಕೆಗೆ ತಿಳಿಯಲಿಲ್ಲ. ಬೀದಿಯ ಕೊನೆಯವರೆಗೂ ಹೋಗಿ, ತಿರುಗಿಸಲು ಬಾರದೆ ಅಲ್ಲಿಯೇ ಇಳಿದು, ಅಲ್ಲಿಂದಲೇ ಕೂಗಿ ನನ್ನನ್ನು ಕರೆದಳು. ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳುವ ಹೆಂಗಸು ಎಂಟು ವರ್ಷದ ದನಿಯಲ್ಲಿ ಕೂಗುವುದನ್ನು ಕೇಳಿ ಪಕ್ಕದ ಮನೆಯವರು ಬಾಗಿಲು ತೆರೆದು, ಏನಾಯಿತೆಂದು ವಿಚಾರಿಸಿದರು. ಏನೂ ಆಗಿಲ್ಲ, ಸೈಕಲ್ ಕಲಿಯುತ್ತಿದ್ದಾಳೆ ಎಂದೆ.

“ಈ ವಯಸ್ಸಿನಲ್ಲಿ? ಯಾತಕ್ಕೆ?” ಎಂದು ಅವರು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ಉದ್ದವಾಗಿ ಇಲ್ಲಿ ಬರೆದಿದ್ದೇನೆ.